ದೇಹಕ್ಕೆ ಸಹನೆ ಕಲಿಸುವ ಚಿಕಿತ್ಸೆ

ನಿವೃತ್ತಿಯ ನಂತರ ಬೇಲೆಕೇರಿಯ ಹಿರಿಯರ ಮನೆಗೆ ಮರಳಿದ ನನ್ನನ್ನು ಬರಮಾಡಿಕೊಂಡದ್ದು ಮುಂಜಾನೆಯ ನಿಲ್ಲದ ಸೀನು. 2010ರ ಅದಿರು ಹಗರಣದಿಂದ ನಾಡಿಗೆಲ್ಲ ಪರಿಚಿತವಾದ ಈ ಬಂದರಿನಲ್ಲಿ ಕೆಂಪು ಧೂಳನ್ನು ದೂರುವುದು ಸುಲಭ. ಆದರೆ ಚರ್ಮಪರೀಕ್ಷೆ ತೋರಿಸಿದ ಅಪರಾಧಿ ಬೇರೆಯೇ: ಕರಾವಳಿಯ ತೇವದಲ್ಲಿ ಹಾಸಿಗೆ, ದಿಂಬುಗಳೊಳಗೆ ಸೊಂಪಾಗಿ ಬೆಳೆಯುವ ‘ಡಸ್ಟ್ ಮೈಟ್’ ಎಂಬ ಅತಿಸೂಕ್ಷ್ಮ ಹುಳು.

ವೈದ್ಯರು ಸೂಚಿಸಿದ್ದು ಇಮ್ಯುನೊಥೆರಪಿ. ಲಂಡನ್ನಿನ ವೈದ್ಯ ಲಿಯೊನಾರ್ಡ್ ನೂನ್ 1911ರಲ್ಲಿ ಹುಲ್ಲಿನ ಪರಾಗದ ಸಾರವನ್ನು ಬಳಸಿ ವರದಿ ಮಾಡಿದ ವಿಧಾನವಿದು. ಒಗ್ಗದ ವಸ್ತುವನ್ನೇ ಅತ್ಯಲ್ಪ ಪ್ರಮಾಣದಿಂದ ಆರಂಭಿಸಿ, ಹಂತಹಂತವಾಗಿ ಹೆಚ್ಚಿಸುತ್ತ ದೇಹಕ್ಕೆ ಸಹನೆ ಕಲಿಸಲಾಗುತ್ತದೆ. ಮಾತ್ರೆ ಲಕ್ಷಣಗಳನ್ನಷ್ಟೇ ಅಡಗಿಸುತ್ತದೆ. ಇದು ಅಲರ್ಜಿಯ ಸ್ವಭಾವವನ್ನೇ ಬದಲಿಸಬಲ್ಲದು. ಎಲ್ಲರಿಗೂ ಫಲಿಸದು, ಅವಧಿಯೂ ಸಾಮಾನ್ಯವಾಗಿ 3ರಿಂದ 5 ವರ್ಷ.

ಅರ್ಥಶಾಸ್ತ್ರ ಓದಿದ ನನಗೆ ಇದು ಹೂಡಿಕೆಯ ಪ್ರಶ್ನೆ: ವೆಚ್ಚ ಇಂದು, ಲಾಭ ನಾಳೆ. ಆದರೂ ಎರಡನೆಯ ವರ್ಷ ಸೀನು ತಗ್ಗಿತೆಂದು ನಾನೇ ಚಿಕಿತ್ಸೆ ನಿಲ್ಲಿಸಿದೆ. ಮುಂದಿನ ಮಳೆಗಾಲಕ್ಕೆ ಅದು ಮರಳಿತು. ಮತ್ತೆ ಮೊದಲ ಮೆಟ್ಟಿಲಿನಿಂದಲೇ ಹತ್ತಬೇಕಾಯಿತು.

ನನಗೆ ಪಿಂಚಣಿಯಿದೆ, ಬಿಡುವಿದೆ. ಮೀನು ಮಾರುವ ನೆರೆಯಾಕೆಗೆ ಆರಂಭದ ತಿಂಗಳುಗಳಲ್ಲಿ ವಾರಕ್ಕೊಮ್ಮೆ ಪೇಟೆಗೆ ಹೋಗುವುದೆಂದರೆ ಒಂದು ದಿನದ ದುಡಿಮೆ ಕಳೆದುಕೊಂಡಂತೆ. ಚುಚ್ಚುಮದ್ದಿನ ಬಳಿಕ ಅಪರೂಪಕ್ಕಾದರೂ ಪ್ರಾಣಾಪಾಯದ ಪ್ರತಿಕ್ರಿಯೆ ಸಂಭವಿಸಬಹುದಾದ್ದರಿಂದ ಅರ್ಧ ಗಂಟೆ ವೈದ್ಯರ ಕಣ್ಣಳತೆಯಲ್ಲಿರಬೇಕು, ಅಡ್ರಿನಲಿನ್ ಕೈಗೆಟುಕುವಂತಿರಬೇಕು. ಆದ್ದರಿಂದ ತರಬೇತಿ ಪಡೆದ ವೈದ್ಯರೊಡನೆ ಈ ಸೌಲಭ್ಯ ತಾಲ್ಲೂಕು ಆಸ್ಪತ್ರೆಗಳಲ್ಲೇ ದೊರೆಯುವಂತಾಗಬೇಕು. ದೀರ್ಘಾವಧಿಯ ಚಿಕಿತ್ಸೆಯನ್ನು ರೋಗಿಯು ಅರ್ಧಕ್ಕೆ ಬಿಡುವುದಕ್ಕೆ ಅಸಹನೆಯೊಂದೇ ಕಾರಣವಲ್ಲ, ದೂರವೂ ಕಾರಣ.