ಮುರಿದ ಬೋಲ್ಟ್ ಹೇಳುವ ಕಥೆ

ವಿಮಾನವೆಂದರೆ ದೊಡ್ಡ ಕಾರ್ಖಾನೆಯಲ್ಲೇ ತಯಾರಾಗಬೇಕೆಂದೇನಿಲ್ಲ. ಅಮೆರಿಕದಲ್ಲಿ ಮನೆಯ ಗ್ಯಾರೇಜಿನಲ್ಲೇ ವಿಮಾನ ಕಟ್ಟಿ ಹಾರಿಸುವ ಹವ್ಯಾಸಿಗಳು ಸಾವಿರಾರು ಮಂದಿ. ಫೋಕ್ಸ್‌ವ್ಯಾಗನ್ ಕಾರಿನ ಎಂಜಿನ್ನನ್ನೇ ಮಾರ್ಪಡಿಸಿ ಪ್ರೊಪೆಲ್ಲರ್ ಜೋಡಿಸಿಕೊಂಡವರೂ ಉಂಟು. ಇಂಥ ಎಂಜಿನ್ನಿನಲ್ಲಿ ಬೆರಳುದ್ದದ ಒಂದು ಬೋಲ್ಟ್ ಮುರಿದರೆ? ಕಾರಾದರೆ ರಸ್ತೆ ಬದಿಗೆ ನಿಲ್ಲಿಸಬಹುದು. ಆಕಾಶದಲ್ಲಿ ರಸ್ತೆಬದಿ ಎಲ್ಲಿದೆ?

ಲೋಹಕ್ಕೂ ದಣಿವು

ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಲೇ ಇದ್ದರೆ ಕೊನೆಗೆ ಅದು ತುಂಡಾಗುತ್ತದೆ. ಬೋಲ್ಟಿನ ಗತಿಯೂ ಬಹುಮಟ್ಟಿಗೆ ಇದೇ. ಸರಿಯಾಗಿ ಬಿಗಿದ ಬೋಲ್ಟ್ ಸ್ಪ್ರಿಂಗಿನಂತೆ ತುಸು ಹಿಗ್ಗಿ ಎರಡು ಭಾಗಗಳನ್ನು ಅದುಮಿ ಹಿಡಿದಿರುತ್ತದೆ. ಸಡಿಲವಾದರೆ ಎಂಜಿನ್ನಿನ ಪ್ರತಿಯೊಂದು ಹೊಡೆತವೂ ನೇರ ಅದರ ಮೇಲೆಯೇ ಬೀಳುತ್ತದೆ. ಕೂದಲೆಳೆಯಷ್ಟು ಬಿರುಕು ಹುಟ್ಟಿ, ಬೆಳೆದು, ಒಂದು ದಿನ ಬೋಲ್ಟ್ ಪಟ್ಟೆಂದು ಮುರಿಯುತ್ತದೆ. ಹಾಗೆಂದು ಅತಿಯಾಗಿ ಬಿಗಿದರೂ ಕೇಡೇ. ಅದಕ್ಕೇ ಬಿಗಿತವನ್ನು ಅಳೆದು ತೋರಿಸುವ ಟಾರ್ಕ್ ಸ್ಪಾನರ್ ಬೇಕು.

ಒಳಗೆ ಉಳಿದ ತುಂಡನ್ನು ತೆಗೆಯುವುದು ತಾಳ್ಮೆಯ ಕೆಲಸ. ಎಣ್ಣೆ ಬಿಟ್ಟು ನೆನೆಸಿ, ತುಂಡಿನ ನಟ್ಟನಡುವೆ ಪಂಚ್ ಗುರುತು ಹಾಕಿ, ಸಣ್ಣ ರಂಧ್ರ ಕೊರೆಯಬೇಕು. ಎಡಮರೆಯ ಸಾಧನವನ್ನು ಅದರೊಳಗೆ ಕೂರಿಸಿ ಹಿಂದಕ್ಕೆ ತಿರುಗಿಸಿದರೆ ತುಂಡು ಹೊರಬರುತ್ತದೆ. ಕೊರೆದ ಲೋಹದ ಚೂರು ಎಂಜಿನ್ನಿನೊಳಗೆ ಉಳಿಯಕೂಡದು. ಮುರಿದದ್ದು ಒಂದೇ ಆದರೂ ಸುತ್ತಲಿನ ಬೋಲ್ಟುಗಳನ್ನೂ ಬದಲಿಸುವುದೇ ಜಾಣತನ. ಅದರ ಹೊರೆ ಹೊತ್ತು ಅವೂ ದಣಿದಿರುತ್ತವೆ.

ರೈಟ್ ಸೋದರರ ಪಾಡು

ಮೊದಲ ವಿಮಾನವೂ ಸೈಕಲ್ ಅಂಗಡಿಯವರು ಕಟ್ಟಿದ್ದೇ ತಾನೇ! 1903ರ ನವೆಂಬರಿನಲ್ಲಿ ಕಿಟ್ಟಿ ಹಾಕ್ ಬಳಿ ಪರೀಕ್ಷೆ ನಡೆಸುವಾಗ ಎಂಜಿನ್ನಿನ ಕುಲುಕಾಟಕ್ಕೆ ಹಲ್ಲುಚಕ್ರಗಳು ಸಡಿಲವಾಗಿ ಪ್ರೊಪೆಲ್ಲರಿನ ದಂಡಗಳು ಕೆಟ್ಟವು. ದುರಸ್ತಿಯಾಗಿ ಬಂದ ಮೇಲೂ ನಟ್ಟುಗಳು ನಿಲ್ಲಲಿಲ್ಲ. ಸೋದರರು ಸೈಕಲ್ ಟೈರಿನ ಅಂಟು ಹಾಕಿ ಅವನ್ನು ಕೂರಿಸಿದರು. ನವೆಂಬರ್ 28ರಂದು ದಂಡದಲ್ಲೇ ಬಿರುಕು ಕಂಡಿತು. ಚಳಿಗಾಲ ಬಂದಿತ್ತು, ದಿನಗಳು ಮುಗಿಯುತ್ತಿದ್ದವು. ಆದರೂ ಅಂಟಿಗೆ ನಿಲ್ಲುವ ದೋಷ ಇದಲ್ಲವೆಂದು ಅವರು ಅರಿತರು. ಆರ್ವಿಲ್ ರೈಲು ಹತ್ತಿ ಡೇಟನ್‌ಗೆ ಹೋದ. ಟೊಳ್ಳು ಕೊಳವೆಯ ಬದಲು ಸ್ಪ್ರಿಂಗ್ ಉಕ್ಕಿನ ಗಟ್ಟಿ ದಂಡಗಳನ್ನು ಮಾಡಿಸಿಕೊಂಡು ಡಿಸೆಂಬರ್ 11ರಂದು ಮರಳಿದ. ಆರು ದಿನಗಳ ಬಳಿಕ ವಿಮಾನ 12 ಸೆಕೆಂಡು ಹಾರಿತು. ಅದೇ ದಿನ ನಾಲ್ಕನೆಯ ಬಾರಿಗೆ 59 ಸೆಕೆಂಡು.

ಮುರಿದದ್ದನ್ನು ಬದಲಿಸುವುದು ಅರ್ಧ ಕೆಲಸ; ಏಕೆ ಮುರಿಯಿತೆಂದು ತಿಳಿಯುವುದು ಉಳಿದರ್ಧ. ಮಕ್ಕಳು ಗ್ಯಾರೇಜಿನಿಂದ ಮುರಿದ ಬೋಲ್ಟೊಂದನ್ನು ಕೇಳಿ ತಂದರೆ ಪಾಲಕರು ಗದರಿಸಬೇಡಿ, ಭೂತಗನ್ನಡಿ ಕೊಡಿ. ಮುರಿದ ಮುಖದ ಮೇಲೆ, ಕಡಲತೀರದ ಮರಳಿನಲ್ಲಿ ಅಲೆ ಬಿಟ್ಟುಹೋದ ಗೆರೆಗಳಂಥ ಗೆರೆಗಳಿದ್ದರೆ, ಆ ಲೋಹ ದಣಿದು ಮುರಿದಿದೆ ಎಂದರ್ಥ.