ಅರ್ಧ ವಾಟ್‌ನ ಮಿದುಳು

ಶ್ರೀರಾಂಪುರದ ಮೆಟ್ರೊ ನಿಲ್ದಾಣದಲ್ಲಿ ರೈಲಿಗೆ ಕಾಯುವವರನ್ನು ಗಮನಿಸಿ. ಯಾರೋ ಮೊಬೈಲನ್ನು ಅಡ್ಡ ಹಿಡಿಯುತ್ತಾರೆ, ಪರದೆಯ ಚಿತ್ರವೂ ತಾನಾಗಿ ಅಡ್ಡ ತಿರುಗುತ್ತದೆ. ಹೀಗೆ ಕೈಯ ವಾಲಾಟವನ್ನು ಗುರುತಿಸುವ ಅಂಗೈಗಣಕವೊಂದು ಐಫೋನ್‌ಗಿಂತ ಮೂರು ವರ್ಷ ಮೊದಲೇ, 2004ರಲ್ಲಿ, ಇದೇ ಬೆಂಗಳೂರಿನಲ್ಲಿ ಮಾರಾಟಕ್ಕೆ ಬಂದಿತ್ತು. ಅದೇ ಸಿಂಪ್ಯೂಟರ್.

ಅದರ ಹಿಂದಿದ್ದವರು ಮಲ್ಲೇಶ್ವರದಾಚೆಯ ಭಾರತೀಯ ವಿಜ್ಞಾನ ಸಂಸ್ಥೆಯ, ಅಂದರೆ ಹಳಬರ ಬಾಯಲ್ಲಿನ ಟಾಟಾ ಇನ್‌ಸ್ಟಿಟ್ಯೂಟಿನ, ನಾಲ್ವರು ಪ್ರಾಧ್ಯಾಪಕರು: ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್. ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯ ವಿನಯ್ ದೇಶಪಾಂಡೆ ಮತ್ತವರ ಸಂಗಡಿಗರೂ ಜೊತೆಯಾದರು. 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಹುಟ್ಟಿತು, 2001ರಲ್ಲಿ ಮೊದಲ ಮಾದರಿ ಹೊರಬಂತು. ಪಾಠ ಹೇಳುತ್ತಿದ್ದವರೇ ಪಿಕೊಪೆಟಾ ಎಂಬ ಕಂಪನಿ ಕಟ್ಟಿ ಉದ್ಯಮಿಗಳಾದರು.

ಎಲ್ಲರಿಗೂ ಎಟುಕುವ ಗಣಕ ಕಟ್ಟಲು ಹೊರಟ ಅವರ ಮೊದಲ ಲೆಕ್ಕ ವಿದ್ಯುತ್ತಿನದು. ಪುಣೆಯಲ್ಲಿ ಹುಟ್ಟಿದ ವಿನೋದ್ ಧಾಮ್ ಮುಂದಾಳತ್ವದಲ್ಲಿ ಇಂಟೆಲ್ 1993ರಲ್ಲಿ ತಂದ ಪೆಂಟಿಯಮ್ ಚಿಪ್‌ನಲ್ಲಿ 31 ಲಕ್ಷ ಟ್ರಾನ್ಸಿಸ್ಟರ್‌ಗಳಿದ್ದವು. ಅದಕ್ಕೆ 10 ವಾಟ್‌ಗೂ ಹೆಚ್ಚು ವಿದ್ಯುತ್ ಬೇಕಿತ್ತು. ಮೇಜಿನ ಮೇಲೆ ಇದು ನಡೆದೀತು, ಅಂಗೈ ಮೇಲೆ ನಡೆಯದು. ಸಿಂಪ್ಯೂಟರ್ ಆರಿಸಿಕೊಂಡ ಸ್ಟ್ರಾಂಗ್‌ಆರ್ಮ್ ಚಿಪ್ 206 ಮೆಗಾಹರ್ಟ್ಸ್ ವೇಗದಲ್ಲಿ ಓಡಿದರೂ ಅರ್ಧ ವಾಟ್ ಮುಟ್ಟುತ್ತಿರಲಿಲ್ಲ.

ಇದು ಹೇಗೆ? ಚಿಪ್ ನುಂಗುವ ವಿದ್ಯುತ್ತು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೋಲ್ಟೇಜನ್ನು ಅರ್ಧಕ್ಕಿಳಿಸಿದರೆ ಖರ್ಚು ಕಾಲುಭಾಗಕ್ಕಿಳಿಯುತ್ತದೆ. ಮೊದಲ ಪೆಂಟಿಯಮ್ 5 ವೋಲ್ಟಿನದು, ಸ್ಟ್ರಾಂಗ್‌ಆರ್ಮ್‌ಗೆ ಎರಡು ವೋಲ್ಟೂ ಬೇಡ. ಜೊತೆಗೆ ಅದರ ಆಜ್ಞೆಗಳು ಕೆಲವೇ, ಸರಳವಾದವು. ಆಜ್ಞೆ ಸರಳವಾದಷ್ಟೂ ಅದನ್ನು ಬಿಡಿಸುವ ಟ್ರಾನ್ಸಿಸ್ಟರ್‌ಗಳು ಕಡಿಮೆ ಸಾಕು.

ಎರಡನೆಯ ಲೆಕ್ಕ ಓದುಬರಹದ್ದು. ಓದಲು ಬಾರದವರಿಗಾಗಿ ಯಂತ್ರವೇ ಓದಿ ಹೇಳಬೇಕಿತ್ತು. ಹರಿಹರನ್ ನೇತೃತ್ವದಲ್ಲಿ ರೂಪುಗೊಂಡ 'ಧ್ವನಿ' ತಂತ್ರಾಂಶ ಆ ಕೆಲಸ ಮಾಡಿತು. ಕನ್ನಡದಲ್ಲಿ ಬಹುಮಟ್ಟಿಗೆ ಬರೆದಂತೆಯೇ ಉಚ್ಚಾರ. ಹಾಗಾಗಿ ಮೊದಲೇ ಮುದ್ರಿಸಿಟ್ಟ ಸದ್ದಿನ ತುಣುಕುಗಳನ್ನು ಪೋಣಿಸಿ ಮಾತು ಹೊರಡಿಸುವುದು ನಮ್ಮ ಲಿಪಿಗೆ ಒಗ್ಗುತ್ತದೆ.

ಮೂರನೆಯದು ದುಡ್ಡಿನ ಲೆಕ್ಕ. ಮನೆಗೊಂದು ಗಣಕ ಕೊಳ್ಳಲಾಗದಿದ್ದರೆ ಊರಿಗೊಂದು ಇರಲಿ, ತಂತಮ್ಮ ವಿವರಗಳನ್ನು ಪ್ರತಿಯೊಬ್ಬರೂ ಸ್ಮಾರ್ಟ್‌ಕಾರ್ಡಿನಲ್ಲಿ ಇಟ್ಟುಕೊಳ್ಳಲಿ ಎಂದು ಯೋಚಿಸಿದರು. ಕಾರ್ಡ್ ತೂರಿಸಿದವರಿಗೆ ಅಷ್ಟು ಹೊತ್ತು ಯಂತ್ರ ಅವರದೇ.

ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) ಸಿಂಪ್ಯೂಟರನ್ನು ತಯಾರಿಸಿತು. ಆದರೆ ಎಡವಿದ್ದು ಈ ಮೂರನೆಯ ಲೆಕ್ಕದಲ್ಲೇ. ಅತಿ ಅಗ್ಗದ ಮಾದರಿಯ ಬೆಲೆಯೂ ಹತ್ತು ಸಾವಿರ ರೂಪಾಯಿಯ ಆಸುಪಾಸಿನಲ್ಲೇ ಉಳಿಯಿತು, ಮಾರಾಟವಾದದ್ದು ಕೆಲವು ಸಾವಿರ ಮಾತ್ರ. ಲಕ್ಷಗಟ್ಟಲೆ ಮಾಡದೆ ಅಗ್ಗವಾಗದು, ಅಗ್ಗವಾಗದೆ ಲಕ್ಷಗಟ್ಟಲೆ ಹೋಗದು. ಅಷ್ಟರಲ್ಲಿ ಮೊಬೈಲು ಅಗ್ಗವಾಗಿ ಮನೆಮನೆಗೂ ನುಗ್ಗಿತು.

ಯಂತ್ರ ಮರೆಯಾಯಿತು, ಲೆಕ್ಕ ಸುಳ್ಳಾಗಲಿಲ್ಲ. ಸ್ಟ್ರಾಂಗ್‌ಆರ್ಮ್‌ಗೆ ಮೂಲವಾದ ಆರ್ಮ್ ವಿನ್ಯಾಸದ ವಂಶಸ್ಥರೇ ಇಂದು ಶ್ರೀರಾಂಪುರದ ಆ ಪ್ರಯಾಣಿಕರ ಕೈಯಲ್ಲಿರುವ ಬಹುಪಾಲು ಎಲ್ಲ ಮೊಬೈಲುಗಳನ್ನೂ ನಡೆಸುತ್ತಿದ್ದಾರೆ.