ಕೈಗೆ ತಕ್ಕ ಹಿಡಿ

ಮನೆಗೆ ಒಂದು ಉಪಕರಣವನ್ನು ಕೊಳ್ಳುವಾಗ ನಾವು ಅದರ ಅಲಗನ್ನು ನೋಡುತ್ತೇವೆ, ಚಕ್ರವನ್ನು ನೋಡುತ್ತೇವೆ, ಬೆಲೆಯನ್ನಂತೂ ಮರೆಯದೆ ವಿಚಾರಿಸುತ್ತೇವೆ. ಹಿಡಿಯನ್ನು ಮಾತ್ರ ನೋಡುವುದಿಲ್ಲ. ಅಂಗೈಯಲ್ಲಿ ಬೊಬ್ಬೆಯೆದ್ದ ಮೇಲೆ ಅದರ ನೆನಪಾಗುವುದು. ನಮ್ಮ ಹಿರಿಯರಲ್ಲಿ ಇಂಥ ಅಲಕ್ಷ್ಯವಿರಲಿಲ್ಲ. ಕೊಡಲಿ ಗುದ್ದಲಿಗಳಿಗೆ ಕಾವು, ನೇಗಿಲಿಗೆ ಮೇಳಿ, ಕುಡುಗೋಲಿಗೆ ಹಿಡಿ, ರಾಗಿಕಲ್ಲಿಗೆ ಗೂಟ, ಹೀಗೆ ಒಂದೊಂದಕ್ಕೂ ಒಂದೊಂದು ಹೆಸರನ್ನಿಟ್ಟರು. ಸಂಸ್ಕೃತದಲ್ಲಿಯೂ ಖಡ್ಗದ ಹಿಡಿಗೆ ತ್ಸರುವೆಂಬ ಪ್ರತ್ಯೇಕವಾದ ಶಬ್ದವುಂಟು. ಹೆಸರು ಬೇರೆಯಾದುದಕ್ಕೆ ಕಾರಣವೇನೆಂದರೆ, ಕೆಲಸವೂ ಬೇರೆ, ಕೈಯು ಅದನ್ನು ಹಿಡಿಯುವ ರೀತಿಯೂ ಬೇರೆ. ಇಷ್ಟು ಸಣ್ಣ ವಿಷಯವು ನನಗೆ ಮನದಟ್ಟಾಗಬೇಕಾದರೆ ಅರವತ್ತು ವರ್ಷ ತುಂಬಬೇಕಾಯಿತು. ಒಮ್ಮೆ ಬೆನ್ನು ಅಡಿಯಾಗಿ ಬೀಳಬೇಕಾಯಿತು. ಆ ವೃತ್ತಾಂತವನ್ನು ವಾಚಕರ ಮುಂದಿಡುವುದರಿಂದ ಮತ್ತೊಬ್ಬರು ಬೀಳುವುದು ತಪ್ಪಿದರೆ ನನ್ನ ಶ್ರಮವು ಸಾರ್ಥಕವಾಯಿತೆಂದು ಭಾವಿಸುವೆನು.

ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನನ್ನ ಮಗನು ಕಳೆದ ವರ್ಷ ಮನೆಯನ್ನು ಬದಲಾಯಿಸುವಾಗ, ಅಲ್ಲಿ ಸ್ಥಳವಿಲ್ಲವೆಂದು, ತನ್ನ ವ್ಯಾಯಾಮಯಂತ್ರವೊಂದನ್ನು ಮರಳವಾಡಿಗೆ ತಂದು ನಮ್ಮ ಪಡಸಾಲೆಯಲ್ಲಿ ಇಳಿಸಿದನು. ನೆಲದಿಂದ ಒಂದೂವರೆ ಅಡಿಯೆತ್ತರದಲ್ಲಿ ಉದ್ದನೆಯ ಕಂಬಿ. ಅದರ ಮೇಲೆ ಹಿಂದಕ್ಕೂ ಮುಂದಕ್ಕೂ ಜಾರುವ ಪೀಠ. ಪಾದಗಳನ್ನು ಬಿಗಿಯುವುದಕ್ಕೆ ಎರಡು ಹಲಗೆ. ಎದುರಿಗೆ ಪಂಜರದೊಳಗೊಂದು ಬೀಸಣಿಗೆಯ ಚಕ್ರ. ಆ ಚಕ್ರದ ಕಡೆಯಿಂದ ಹೊರಟ ಸರಪಳಿಯ ತುದಿಗೆ ಅಡ್ಡಲಾಗಿ ಒಂದು ಹಿಡಿ. ಕುಳಿತವನು ಕಾಲುಗಳನ್ನು ಒದ್ದು, ಹಿಡಿಯನ್ನು ಹೊಟ್ಟೆಯ ಕಡೆಗೆ ಸೆಳೆದರೆ ಚಕ್ರವು ತಿರುಗುವುದು. ಕೈ ಸಡಲಿಸಿದರೆ ಒಳಗಿರುವ ಎಳೆಹುರಿಯು ಸರಪಳಿಯನ್ನು ತಾನಾಗಿ ಹಿಂದಕ್ಕೆ ಸೆಳೆದುಕೊಳ್ಳುವುದು. ಇದಕ್ಕೆ ರೋಯಿಂಗ್ ಮೆಷಿನ್ ಎಂದು ಹೆಸರು. ಹುಟ್ಟು ಹಾಕುವ ಯಂತ್ರವೆಂದು ನಾವು ಕರೆಯಬಹುದು. ಅದನ್ನು ನೋಡಲು ಬಂದ ನೆರೆಯವರೊಬ್ಬರು, “ನೀರಿಲ್ಲದ ಊರಿಗೆ ದೋಣಿ ತರಿಸಿದ್ರಾ, ಮೇಷ್ಟ್ರೇ?” ಎಂದು ನಕ್ಕರು.

ನೆಲದ ಮೇಲೆ ಹುಟ್ಟು ಹಾಕುವುದು ಇಂದಿನ ಚಮತ್ಕಾರವಲ್ಲ. ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿ ಅಥೆನ್ಸಿನ ಸೇನಾಪತಿ ಖಾಬ್ರಿಯಾಸನು ದಡದ ಮೇಲೆ ಮರದ ಚೌಕಟ್ಟುಗಳನ್ನು ಕಟ್ಟಿಸಿ, ಹೊಸ ನಾವಿಕರಿಗೆ ಅವುಗಳ ಮೇಲೆಯೇ ಅಭ್ಯಾಸವನ್ನು ಮಾಡಿಸಿದನೆಂದು ಗ್ರೀಕರ ಗ್ರಂಥದಲ್ಲಿ ಹೇಳಿದೆ. ಈಗ ಲೋಕದಲ್ಲಿ ಪ್ರಚಾರವಾಗಿರುವ ಬೀಸಣಿಗೆಯ ಯಂತ್ರಗಳಲ್ಲಿ ಹೆಸರಾದುದನ್ನು 1981ರಲ್ಲಿ ಅಮೆರಿಕದ ವರ್ಮಾಂಟ್ ಪ್ರಾಂತ್ಯದ ಡ್ರೈಸಿಗೇಕರ್ ಸಹೋದರರು ಹೊರತಂದರು. ಅವರು ಅದಕ್ಕೆ ಮುಂಚೆ ದೋಣಿಯ ಹುಟ್ಟುಗಳನ್ನು ತಯಾರಿಸುತ್ತಿದ್ದವರು. ಮೊದಲ ಯಂತ್ರಕ್ಕೆ ಬೈಸಿಕಲ್ಲಿನ ಚಕ್ರವನ್ನೇ ಬಳಸಿದರು.

ನಮ್ಮ ಸೀಮೆಯಲ್ಲಿ ಹುಟ್ಟನ್ನು ನೋಡಬೇಕಾದರೆ ಕನಕಪುರದಾಚೆ ಅರ್ಕಾವತಿಯು ಕಾವೇರಿಯನ್ನು ಸೇರುವ ಸಂಗಮಕ್ಕೆ ಹೋಗಬೇಕು. ಅಲ್ಲಿಯ ಹರಿಗೋಲಿನ ಅಂಬಿಗನನ್ನು ನಾನು ಬಹಳ ಹೊತ್ತು ಗಮನಿಸಿದ್ದೇನೆ. ಅವನ ಒಂದು ಕೈ ಹುಟ್ಟಿನ ತಲೆಯ ಮೇಲೆ, ಇನ್ನೊಂದು ಕೈ ಕೆಳಗೆ. ಆಯಾಸವಾದೊಡನೆ ಕೈಗಳು ಸ್ಥಾನವನ್ನು ಬದಲಾಯಿಸುವುವು. ಯಂತ್ರದಲ್ಲಾದರೋ ಈ ಸ್ವಾತಂತ್ರ್ಯವಿಲ್ಲ. ಎರಡು ಕೈಗಳೂ ಒಂದೇ ಅಡ್ಡದಂಡದ ಮೇಲೆ ಒಂದೇ ಭಂಗಿಯಲ್ಲಿರಬೇಕು. ನಿಮಿಷಕ್ಕೆ 20 ಸಲ ಸೆಳೆದರೂ ಅರ್ಧ ಗಂಟೆಗೆ 600 ಸಲವಾಯಿತು. 600 ಸಲ ಅದೇ ಬೆರಳುಗಳು, ಅದೇ ಮಣಿಕಟ್ಟು. ಹಿಡಿಯು ತಕ್ಕುದಲ್ಲದಿದ್ದರೆ ಅದರ ಫಲವನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಈಗ ಮನೆಯ ಮಾತಿಗೆ ಬರುತ್ತೇನೆ. ಎರಡು ವರ್ಷಗಳ ಹಿಂದೆ ಮಳೆಗಾಲದಲ್ಲಿ ನನ್ನ ಗೃಹಿಣಿಯು ಅಂಗಳದ ಪಾಚಿಯ ಮೇಲೆ ಕಾಲುಜಾರಿ ಬಿದ್ದು ಬಲಗೈಯ ಮಣಿಕಟ್ಟಿನ ಮೂಳೆಯನ್ನು ಮುರಿದುಕೊಂಡಳು. ಆರು ವಾರ ಕೈಗೆ ಹಿಟ್ಟಿನ ಕಟ್ಟು ಹಾಕಿದ್ದರು. ಮೂಳೆಯು ಕೂಡಿತು, ಹಿಡಿತವು ಮರಳಲಿಲ್ಲ. ಆಕೆ ಅದನ್ನು ಬಾಯಿಬಿಟ್ಟು ಹೇಳಿದವಳಲ್ಲ. ಒಂದು ರಾತ್ರಿ ಊಟದಲ್ಲಿ, “ಮುದ್ದೆಯಲ್ಲಿ ಗಂಟುಗಳಿವೆಯಲ್ಲ” ಎಂದು ನಾನು ಆಕ್ಷೇಪಿಸಿದೆನು. ಆಕೆ ಸುಮ್ಮನಿದ್ದಳು. ಮಾರನೆಯ ದಿನ ಅಡಿಗೆಮನೆಗೆ ಹೋಗಿ ನೋಡಿದರೆ, ಮುದ್ದೆಕೋಲನ್ನು ಎಡಗೈಯಲ್ಲಿ ಹಿಡಿದು ತೊಳಸುತ್ತಿದ್ದಳು. ಬಲಗೈಯು ಪಾತ್ರೆಯ ಅಂಚಿಗೆ ಸುಮ್ಮನೆ ಆತುಕೊಂಡಿತ್ತು. ಮೂವತ್ತೈದು ವರ್ಷ ಮಕ್ಕಳ ಕಾಪಿಪುಸ್ತಕಗಳಲ್ಲಿ ತಪ್ಪುಗಳನ್ನು ಹುಡುಕಿದ ನನ್ನ ಕಣ್ಣಿಗೆ ಇದು ಅಷ್ಟು ತಿಂಗಳು ಕಾಣದೆ ಹೋದುದಕ್ಕೆ ನಾಚಿಕೆಯಾಯಿತು.

ಕೈಗೆ ವ್ಯಾಯಾಮವನ್ನು ಮಾಡಿಸುವ ಚಿಕಿತ್ಸಕರನ್ನು ಕೇಳಿದೆವು. ಮೂಳೆಯು ಗಟ್ಟಿಯಾಗಿ ಕೂಡಿರುವುದರಿಂದ ಯಂತ್ರದ ಮೇಲೆ ಹಗುರವಾಗಿ, ಸ್ವಲ್ಪಸ್ವಲ್ಪ ಹೊತ್ತು ಅಭ್ಯಾಸ ಮಾಡಬಹುದೆಂದೂ, ಆದರೆ ಮಣಿಕಟ್ಟು ಬಾಗದಂತೆ ನೇರವಾಗಿರಬೇಕೆಂದೂ, ಹಿಡಿಯು ಈಗಿರುವುದಕ್ಕಿಂತ ದಪ್ಪವಾಗಿಯೂ ಮೃದುವಾಗಿಯೂ ಇರತಕ್ಕದ್ದೆಂದೂ ಅವರು ಹೇಳಿದರು. ಕಾರಣವೂ ಸರಳವಾದುದೇ. ಹಿಡಿಯು ತೀರ ಸಪುರವಾದರೆ ಬೆರಳುಗಳು ಮುಷ್ಟಿಯಾಗಿ ಬಿಗಿದುಕೊಂಡು, ಮುಂಗೈಯ ಸ್ನಾಯುಗಳು ಬೇಗನೆ ಸೋಲುವುವು. ತೀರ ದಪ್ಪವಾದರೆ ಬೆರಳುಗಳು ಸುತ್ತಲಾರದೆ ಜಾರುವುವು. ಸಾಮಾನ್ಯವಾದ ಕೈಗೆ ಒಂದೂಕಾಲು ಅಂಗುಲದಿಂದ ಒಂದೂವರೆ ಅಂಗುಲದವರೆಗಿನ ದಪ್ಪವು ಹಿತವಾದುದು.

ಇಷ್ಟು ಕೇಳಿದ ಮೇಲೆ ಮೇಷ್ಟರಿಗೆ ಮತ್ತೇನು ಬೇಕು? ಯಂತ್ರದ ಹಿಡಿಯನ್ನು ಕೊಂಡಿಯಿಂದ ಕಳಚಿ, ಹಿತ್ತಲಿನಲ್ಲಿದ್ದ ಬಿದಿರಿನ ತುಂಡನ್ನು ಚೆನ್ನಾಗಿ ಉಜ್ಜಿ, ಬಟ್ಟೆಯನ್ನು ಸುತ್ತಿ, ಸರಪಳಿಯ ತುದಿಗೆ ಕತ್ತಾಳೆಯ ಹಗ್ಗದಿಂದ ಬಿಗಿದು ಕಟ್ಟಿದೆನು. ನೋಡುವುದಕ್ಕೆ ಬಲು ಸೊಗಸಾಗಿತ್ತು. ಎರಡು ದಿನ ಕೆಲಸವನ್ನೂ ಮಾಡಿತು. ಮೂರನೆಯ ದಿನ ಬೆಳಗ್ಗೆ ಆಕೆ ಕುಳಿತುಕೊಳ್ಳಲು ಬಂದಳು; “ತಡೆ, ನಾನೊಮ್ಮೆ ನೋಡುತ್ತೇನೆ” ಎಂದು ನಾನೇ ಮೊದಲು ಕುಳಿತೆನು. ಹತ್ತು ಸಲ ಸೆಳೆದಿರಬಹುದು, ಕೊಂಡಿಯ ಅಂಚಿಗೆ ಉಜ್ಜಿ ಉಜ್ಜಿ ಸವೆದಿದ್ದ ಹಗ್ಗವು ತಟ್ಟನೆ ಕಡಿದುಹೋಯಿತು. ನಾನು ಬಿದಿರನ್ನು ಎದೆಗೆ ಅವಚಿಕೊಂಡು ಪೀಠದಿಂದ ಹಿಂದಕ್ಕೆ ಮಗುಚಿದೆನು. ಸರಪಳಿಯು ಬಿಲವನ್ನು ಕಂಡ ಹಾವಿನಂತೆ ಯಂತ್ರದ ಬಾಯಿಗೆ ನುಗ್ಗಿ ಬಡಿಯಿತು. ಕೊಡಲಿ ಕಾವು ಕುಲಕ್ಕೆ ಸಾವು ಎಂದು ಗಾದೆಯುಂಟಷ್ಟೆ. ನಾನು ಮಾಡಿದ ಕಾವು ನನ್ನ ಬೆನ್ನಿಗೇ ಬಂತು. ಒಂದು ವಾರ ಎಣ್ಣೆ ಹಚ್ಚಿಕೊಂಡು ಬಿಸಿನೀರು ಹಾಕಿಸಿಕೊಂಡುದರಿಂದ ನೋವು ಹೋಯಿತು. ಆದರೆ ಆ ಬೆಳಗ್ಗೆ ಆಕೆ ಕುಳಿತಿದ್ದು, ಬೀಳುವಾಗ ಅದೇ ಬಲಗೈಯನ್ನು ಊರಿದ್ದರೆ ಏನಾಗುತ್ತಿತ್ತೆಂಬ ಯೋಚನೆಯು ಅಷ್ಟು ಸುಲಭವಾಗಿ ಹೋಗಲಿಲ್ಲ.

ಆಮೇಲೆ ಮೊದಲೇ ಮಾಡಬೇಕಾಗಿದ್ದ ಕೆಲಸವನ್ನು ಮಾಡಿದೆನು. ಊರಿನ ಬಡಗಿಯ ಬಳಿಗೆ ಹೋಗಿ ಸಂಗತಿಯನ್ನು ತಿಳಿಸಿದೆನು. ಅವರು ಗುದ್ದಲಿಯ ಕಾವೊಂದನ್ನು ಹೆರೆಯುತ್ತ, “ಯಾರ ಕೈಗೆ, ಮೇಷ್ಟ್ರೇ?” ಎಂದರು.

“ನಮ್ಮ ಮನೆಯವರ ಕೈಗೆ.”

“ಹಂಗಾದ್ರೆ ಅಮ್ಮಾವ್ರು ಬರ್ಬೇಕು. ಕೈ ನೋಡ್ದೆ ಕಾವು ಹಾಕಕ್ಕಾಯ್ತದಾ?”

ಸಂಜೆ ಆಕೆಯನ್ನು ಕರೆದುಕೊಂಡು ಹೋದೆನು. ಬಡಗಿಯು ಅಳತೆಯ ಪಟ್ಟಿಯನ್ನು ತೆಗೆಯಲಿಲ್ಲ. ಉಳಿಯ ಹಿಡಿ, ಕುಡುಗೋಲಿನ ಹಿಡಿ, ಸುತ್ತಿಗೆಯ ಕಾವು, ಗುದ್ದಲಿಯ ಕಾವು, ಹೀಗೆ ಒಂದೊಂದನ್ನಾಗಿ ಆಕೆಯ ಬಲಗೈಗೆ ಕೊಟ್ಟು, ಹೆಬ್ಬೆರಳು ಎಲ್ಲಿಗೆ ಬಂದು ನಿಲ್ಲುವುದೆಂಬುದನ್ನು ಮಾತ್ರ ನೋಡಿದರು. ಒಂದನ್ನು ಹಿಡಿದಾಗ ಹೆಬ್ಬೆರಳಿನ ತುದಿಯು ತೋರುಬೆರಳಿನ ತುದಿಯನ್ನು ಮೆಲ್ಲನೆ ಮುಟ್ಟಿತು. ಆಕೆಯ ಹುಬ್ಬಿನ ಗಂಟು ಬಿಟ್ಟಿತು. “ಇದೇ ಅಳತೆ” ಎಂದರು. ಪಟ್ಟಿಯನ್ನಿಟ್ಟು ನೋಡಿದರೆ ಒಂದೂವರೆ ಅಂಗುಲ. ಎಡಗೈಗೆ ಒಂದೂಕಾಲು ಅಂಗುಲವೇ ಸಾಕಾಯಿತು. ಹೊರಡುವಾಗ ನನ್ನ ಹಗ್ಗದ ಕಥೆಯನ್ನು ನೆನೆದು ಅವರು ಹೇಳಿದ ಮಾತು ಈ ಲೇಖನಕ್ಕೆಲ್ಲ ಸಾರವಾದುದು: “ಕೈ ಹಿಡಿಯೋ ಕಡೆ ನಿಮ್ದು, ಕಬ್ಬಿಣ ಹಿಡಿಯೋ ಕಡೆ ಕಮ್ಮಾರಂದು. ಅವನ ಕೆಲ್ಸಕ್ಕೆ ನೀವು ಹೋಗ್ಬೇಡಿ, ಮೇಷ್ಟ್ರೇ.”

ಈ ಮಾತಿನಂತೆ, ಯಂತ್ರದ ಮೂಲ ಹಿಡಿಯನ್ನೂ ಕೊಂಡಿಯನ್ನೂ ಯಥಾಸ್ಥಾನದಲ್ಲಿ ಬಿಗಿಯಾಗಿ ಸೇರಿಸಿದೆವು. ಅದರ ರಬ್ಬರಿನ ಹೊದಿಕೆಯನ್ನು ಮಾತ್ರ ತೆಗೆದು, ಒಳಗಿನ ಮುಕ್ಕಾಲು ಅಂಗುಲದ ಉಕ್ಕಿನ ಕೊಳವೆಗೆ ಮರದ ಅಂಗಿಯನ್ನು ತೊಡಿಸುವುದೆಂದು ನಿಶ್ಚಯವಾಯಿತು. ಕಾವುಗಳಿಗೆ ಜಾಲಿಯಂಥ ಗಟ್ಟಿಮರವೇ ಬೇಕು. ಆದರೆ ಇಲ್ಲಿ ಸೆಳೆತದ ಭಾರವೆಲ್ಲ ಉಕ್ಕಿನ ಮೇಲೆ ಬೀಳುವುದರಿಂದ, ಹಗುರವಾಗಿಯೂ ನಯವಾಗಿಯೂ ಇರುವ ಹಾಲೆಮರವೇ ಮೇಲು. ಹಾಲೆಮರವೆಂದ ಮೇಲೆ ಚನ್ನಪಟ್ಟಣಕ್ಕೆ ಹೋಗಬೇಕಷ್ಟೆ. ಅಲ್ಲಿಯ ಬೊಂಬೆಗಳೆಲ್ಲ ಬಹುಮಟ್ಟಿಗೆ ಈ ಬಿಳಿಯ ಮರದಿಂದಲೇ ಆದುವು. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದರೆ, ಘರ್ಷಣೆಯ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುವುದು. ಆಮೇಲೆ ಒಣಗಿದ ಗರಿಯನ್ನು ಒತ್ತಿ ಹೊಳಪು ಕೊಡುವರು.

ಅಲ್ಲಿಯ ಕಡೆತದ ಕುಶಲಿಯೊಬ್ಬರು ನಮ್ಮ ಅಳತೆಗೆ ಎರಡು ಉರುಳೆಗಳನ್ನು ಕಡೆದು, ನಡುವೆ ರಂಧ್ರವನ್ನು ಕೊರೆದು, ಉದ್ದಕ್ಕೆ ಸೀಳಿ ಎರಡೆರಡು ಹೋಳುಗಳನ್ನಾಗಿ ಮಾಡಿಕೊಟ್ಟರು. ಇಡಿಯ ಉರುಳೆಗೆ ಅರಗಿನ ಹೊಳಪು ಬೇಕೆಂದು ನಾನು ಕೇಳಿದಾಗ ಅವರು ಒಪ್ಪಲಿಲ್ಲ; ಬೆವರಿದ ಕೈಯಲ್ಲಿ ಅರಗು ಜಾರುವುದೆಂದರು. ಅದಕ್ಕೆ ಪ್ರತಿಯಾಗಿ ಒಳತುದಿಗಳಲ್ಲಿ ಮಾತ್ರ ಒಂದೊಂದು ಕೆಂಪು ಪಟ್ಟೆಯನ್ನು ಹಾಕಿದರು. ಎರಡು ಪಟ್ಟೆಗಳೂ ಸರಪಳಿಯಿಂದ ಸಮದೂರದಲ್ಲಿ ಕುಳಿತುಕೊಳ್ಳುವಂತೆ ಜೋಡಿಸಿದರೆ, ಕೈಗಳು ತಾವಾಗಿ ಸಮವಾಗಿ ನಿಲ್ಲುವುವು, ಸರಪಳಿಯು ಓರೆಯಾಗುವುದಿಲ್ಲ. ಹೋಳುಗಳನ್ನು ಕೊಳವೆಯ ಮೇಲೆ ಕೂಡಿಸಿ ಹತ್ತಿಯ ಲಾಡಿಯನ್ನು ಬಿಗಿಯಾಗಿ ಸುತ್ತಿದೆವು. ಈ ಮರವು ಒಂದು ದಿನ ಸೀಳಿದರೂ ಲಾಡಿಯು ಅದನ್ನು ಹಿಡಿದಿರುವುದು, ಕೈಯಲ್ಲಿ ಉಕ್ಕು ಉಳಿದಿರುವುದು, ಯಾರೂ ಬೀಳುವುದಿಲ್ಲ.

ಇಂಥ ಯಂತ್ರವು ಈಗ ಅನೇಕ ಮನೆಗಳನ್ನೂ ವ್ಯಾಯಾಮಶಾಲೆಗಳನ್ನೂ ಸೇರಿರುವುದರಿಂದ, ನಮ್ಮ ಅನುಭವದ ಸಾರವನ್ನು ಕ್ರಮವಾಗಿ ಹೇಳುವೆನು.

ಮೊದಲನೆಯದು, ಹಿಡಿಯನ್ನು ದೂರುವ ಮುಂಚೆ ಹಿಡಿತವನ್ನು ಪರೀಕ್ಷಿಸತಕ್ಕದ್ದು. ಬೆರಳುಗಳು ಕೊಕ್ಕೆಗಳಂತಿರಬೇಕೇ ಹೊರತು ಮುಷ್ಟಿಯಾಗಬಾರದು. ಸೆಳೆತದ ಬಹುಭಾಗವು ಕಾಲುಗಳದು. ಕಾಲು ಒದ್ದ ಮೇಲೆ ಬೆನ್ನು, ಬೆನ್ನಿನ ತರುವಾಯ ತೋಳು. ಮರಳುವಾಗ ಇದಕ್ಕೆ ವಿಪರೀತವಾದ ಕ್ರಮ. ತೋಳಿನಿಂದಲೇ ಎಳೆಯುವವನಿಗೆ ಯಾವ ಹಿಡಿಯೂ ಹಿತವಾಗದು.

ಎರಡನೆಯದು, ದಪ್ಪವು ಸ್ವಲ್ಪವೇ ಹೆಚ್ಚಬೇಕಾದಲ್ಲಿ ಬಡಗಿಯೂ ಬೇಡ, ಕಡೆತವೂ ಬೇಡ. ಕ್ರಿಕೆಟ್ ಬ್ಯಾಟಿಗೆ ಹಾಕುವ ರಬ್ಬರಿನ ತೊಡಿಕೆಯನ್ನು ಸೀಳಿ ಸುತ್ತಬಹುದು. ಬೈಸಿಕಲ್ಲಿನ ಹಳೆಯ ಟ್ಯೂಬಿನ ಪಟ್ಟಿಯ ಮೇಲೆ ಹತ್ತಿಯ ಲಾಡಿಯನ್ನು ಸುತ್ತಬಹುದು. ಲಾಡಿಯನ್ನು ವಾರಕ್ಕೊಮ್ಮೆ ಬಿಚ್ಚಿ ಒಗೆದು ಬಿಸಿಲಿಗೆ ಹಾಕುವುದು ಲೇಸು.

ಮೂರನೆಯದೇ ಮುಖ್ಯವಾದುದು. ಕೊಂಡಿಯ ಕೆಲಸವನ್ನು ಹಗ್ಗಕ್ಕೂ ತಂತಿಗೂ ಒಪ್ಪಿಸಬಾರದು. ಬಲಶಾಲಿಯಾದ ತರುಣನು ಸೆಳೆಯುವಾಗ ಅಲ್ಲಿ ಅರ್ಧ ಕ್ವಿಂಟಲ್ ರಾಗಿಯ ಭಾರವು ಬೀಳಬಹುದು. ಕೆಲವರು ಅಡ್ಡದಂಡವನ್ನು ತೆಗೆದು, ಅಂಗೈಗಳು ಎದುರುಬದುರಾಗುವಂತೆ ಎರಡು ಬಿಡಿ ಹಿಡಿಗಳನ್ನು ಹಾಕಿಕೊಳ್ಳುವರು. ಮಣಿಕಟ್ಟಿಗೆ ಅದು ಹಿತವಾಗಬಹುದು. ಆದರೆ ಎರಡೂ ಒಂದೇ ಉಕ್ಕಿನ ಬಳೆಗೆ ಸೇರಿ, ಭಾರವನ್ನು ತಡೆಯುವುದಕ್ಕೆಂದೇ ಮಾಡಿದ ಕೊಂಡಿಯಿಂದ ಸರಪಳಿಗೆ ಕೂಡಿರಬೇಕು. ಒಂದೇ ಕೈಯಿಂದ ಸೆಳೆಯುವುದೂ, ಸರಪಳಿಯನ್ನು ಪಕ್ಕಕ್ಕೆ ಎಳೆಯುವುದೂ, ತಿರುಚುವುದೂ, ಹಿಡಿಯನ್ನು ಥಟ್ಟನೆ ಕೈಬಿಡುವುದೂ ಸರ್ವಥಾ ಕೂಡದು.

ನಾಲ್ಕನೆಯದು, ಸರಪಳಿಗೆ 50 ಗಂಟೆಗಳ ಬಳಕೆಗೊಮ್ಮೆ ಸ್ವಲ್ಪ ಯಂತ್ರದ ಎಣ್ಣೆಯನ್ನು ಸವರಿ ಒರೆಸಬೇಕು. ತಿಂಗಳಿಗೊಮ್ಮೆ ಕೊಂಡಿಯನ್ನು ಬೆಳಕಿನಲ್ಲಿ ನೋಡಬೇಕು. ಬೆರಳುಗಳು ಜೋಮು ಹಿಡಿದರೆ, ಮಣಿಕಟ್ಟಿನಲ್ಲಿ ನೋವು ನಿಂತರೆ, ಹಿಡಿಯನ್ನು ಬದಲಾಯಿಸುತ್ತ ಕೂರದೆ ವೈದ್ಯರಲ್ಲಿಗೆ ಹೋಗತಕ್ಕದ್ದು.

ನನ್ನ ಗೃಹಿಣಿಯು ಮೊದಲ ವಾರ ದಿನಕ್ಕೆ ಎರಡು ನಿಮಿಷದಂತೆ ಆರಂಭಿಸಿದಳು. ನಾಲ್ಕು ತಿಂಗಳಲ್ಲಿ ಹದಿನೈದು ನಿಮಿಷಕ್ಕೆ ಬಂದಳು. ಬಿದಿರಿನ ತುಂಡನ್ನು ನಾನು ಬಿಸಾಡಲಿಲ್ಲ. ಪಡಸಾಲೆಯ ಗೋಡೆಗೆ ಒರಗಿಸಿದ್ದೇನೆ, ಉಪಾಧ್ಯಾಯನಿಗೂ ಪಾಠ ಬೇಕಾಗುವುದುಂಟು. ಮಣಿಕಟ್ಟು ಮೊದಲಿನಂತಾಯಿತೆಂದು ಹೇಳಲಾರೆನು; ಚಳಿಯ ದಿನಗಳಲ್ಲಿ ಈಗಲೂ ನೋಯುವುದು. ಆದರೆ ಮೊನ್ನೆ ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡಿದೆನು. ಮುದ್ದೆಕೋಲು ಬಲಗೈಯಲ್ಲಿತ್ತು, ಅದರ ಹಿಡಿಗೂ ಯಾರೋ ಹತ್ತಿಯ ಲಾಡಿಯನ್ನು ಸುತ್ತಿದ್ದರು. ಯಾರೆಂದು ನಾನು ಕೇಳಲಿಲ್ಲ. ಆ ರಾತ್ರಿ ಮುದ್ದೆಯಲ್ಲಿ ಗಂಟುಗಳಿರಲಿಲ್ಲ. ಇದ್ದಿದ್ದರೂ ನಾನು ಹೇಳುತ್ತಿರಲಿಲ್ಲ.